ಎರಡನೇ ಸಹಿ

ಉಮಾನಾಥರು ನಮ್ಮ ಮಾಳಿಗೆಯ ಕೋಣೆ ಕೇಳಿಕೊಂಡು ಬಂದ ದಿನ ನನಗೆ ಬಂದದ್ದು ಸಂಶಯ, ಕನಿಕರ ಅಲ್ಲ. ಐವತ್ತೇಳು ವರ್ಷದ ಗಂಡಸು, ಮದುವೆ ಆದವರಲ್ಲ, ಇಪ್ಪತ್ತನಾಲ್ಕು ವರ್ಷ ಗಲ್ಫಿನಲ್ಲಿ ವಿಮಾನ ರಿಪೇರಿ ಮಾಡಿ ಬಂದವರು. ಕಾಪುವಿನಲ್ಲಿ ಒಡಹುಟ್ಟಿದ ತಂಗಿಯ ಮನೆ ಉಂಟು, ಆ ಮನೆ ಕಟ್ಟಿಸಿದ್ದೂ ಇವರೇ. ಹಾಗಿರುವಾಗ ಪರ್ಕಳದಲ್ಲಿ, ಮಣಿಪಾಲದ ಕಾಲೇಜು ಹುಡುಗರು ಹುಡುಕಿಕೊಂಡು ಬರುವಂಥ ಕೋಣೆಯಲ್ಲಿ ಇವರಿಗೇನು ಕೆಲಸ? ನಾನು ಮೂವತ್ತಮೂರು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು. ಉತ್ತರ ಸರಿ ಇದ್ದರೂ ನಡುವಿನ ಹೆಜ್ಜೆ ಬಿಟ್ಟವರಿಗೆ ಪೂರ್ತಿ ಅಂಕ ಕೊಟ್ಟವಳಲ್ಲ. ಈ ಮನುಷ್ಯ ಯಾವುದೋ ಹೆಜ್ಜೆ ಬಿಟ್ಟು ಉತ್ತರ ಹೇಳುತ್ತಿದ್ದಾರೆ ಎಂದು ಅನಿಸಿತು.

“ನಮ್ಮಲ್ಲಿ ಮೀನು ಬೇಯಿಸಲಿಕ್ಕಿಲ್ಲ,” ಎಂದೆ, ಇದಕ್ಕಾದರೂ ಹೆದರಿ ಹೋಗಲಿ ಎಂದು.

“ಆಯಿತು ಟೀಚರ್,” ಎಂದರು.

ಕಾಪುವಿನ ಕಡಲ ಬದಿಯಲ್ಲಿ ಹುಟ್ಟಿದವರು ಒಂದೇ ಮಾತಿಗೆ ಮೀನು ಬಿಡುತ್ತೇನೆ ಎಂದರೆ ಯಾರಿಗಾದರೂ ಸಂಶಯ ಹೆಚ್ಚಾಗಬೇಕು. ಆದರೆ ನಮ್ಮ ಮನೆಯವರು ಹಯಗ್ರೀವರು, ಪೌರೋಹಿತ್ಯ ಮಾಡಿಕೊಂಡಿರುವವರು, ಯಾರಿಗೂ ಇಲ್ಲ ಎನ್ನಲು ಬಾರದವರು, ಅಷ್ಟರಲ್ಲಿ ಬೀಗದ ಕೈ ತಂದು ಉಮಾನಾಥರ ಅಂಗೈಯಲ್ಲಿ ಇಟ್ಟಾಗಿತ್ತು. ಅದು ಎರಡು ಸಾವಿರದ ಇಪ್ಪತ್ತೊಂದರ ಕೊನೆ.

ಬಾಡಿಗೆದಾರರಾಗಿ ಅವರಲ್ಲಿ ತಪ್ಪು ಹುಡುಕಿದರೂ ಸಿಗಲಿಕ್ಕಿಲ್ಲ. ಕುಡಿತವಿಲ್ಲ, ಟಿವಿ ಇಲ್ಲ. ಬೆಳಿಗ್ಗೆ ಹತ್ತು ಗಂಟೆಗೆ ಇಸ್ತ್ರಿ ಹಾಕಿದ ಅಂಗಿ ತೊಟ್ಟು ಕೆಳಗಿಳಿಯುತ್ತಿದ್ದರು. ರಸ್ತೆ ದಾಟಿ ಬಸ್ ಸ್ಟಾಪಿನಲ್ಲಿ ಕುಳಿತುಕೊಳ್ಳುತ್ತಿದ್ದರು. ಉಡುಪಿಯಿಂದ ಹೊರಟು ಹಿರಿಯಡ್ಕ, ಬೈಲೂರು ದಾಟಿ ಕಾರ್ಕಳಕ್ಕೆ ಹೋಗುವ ಬಸ್ಸುಗಳು ಒಂದರ ಹಿಂದೆ ಒಂದು ಅಲ್ಲಿ ನಿಲ್ಲುತ್ತವೆ. ಕಂಡಕ್ಟರ್ ಬಾಗಿಲಲ್ಲಿ ನೇತುಕೊಂಡು ಕಾರ್ಕಳ ಕಾರ್ಕಳ ಎಂದು ಕೂಗುತ್ತಾನೆ. ಇವರು ಒಮ್ಮೊಮ್ಮೆ ಎದ್ದು ನಿಲ್ಲುತ್ತಿದ್ದರು. ಬಸ್ಸು ಹೋಗುತ್ತಿತ್ತು. ಮತ್ತೆ ಕುಳಿತುಕೊಳ್ಳುತ್ತಿದ್ದರು. ಹನ್ನೊಂದೂವರೆಗೆ ವಾಪಸು ಬಂದು ಗಂಜಿಗೆ ಅಕ್ಕಿ ಹಾಕುತ್ತಿದ್ದರು. ಮೂರು ತಿಂಗಳು ನಾನು ಇದನ್ನು ಅಡುಗೆ ಕೋಣೆಯ ಕಿಟಕಿಯಿಂದ ನೋಡಿದೆ. ಕಂಡಕ್ಟರುಗಳು ಅವರಿಗೆ ‘ಟೈಂ ಕೀಪರ್’ ಎಂದು ಹೆಸರಿಟ್ಟರು.

ಫೆಬ್ರವರಿಯಲ್ಲಿ ನಮ್ಮ ಬಾವಿಯ ಪಂಪಿನ ಒಂದು ನಟ್ಟು ಸಡಿಲವಾಗಿ ನೀರು ಬಾರದ ಹಾಗೆ ಆಯಿತು. ಮನೆಯಲ್ಲೇ ವಿಮಾನ ರಿಪೇರಿಯವರು ಇರುವಾಗ ಹೊರಗಿನವರನ್ನು ಕರೆಯುವುದು ಯಾಕೆ? ಸ್ಪ್ಯಾನರ್ ತೆಗೆದುಕೊಂಡು ಹೋಗಿ ಕೊಟ್ಟೆ. ಅವರು ಅದನ್ನು ಮುಟ್ಟಲೇ ಇಲ್ಲ.

“ನನ್ನ ಕೈ ಬೇಡ ಟೀಚರ್. ಬೇರೆ ಯಾರನ್ನಾದರೂ ಕರೆಯಿರಿ.”

ನನ್ನ ನಾಲಗೆಗೆ ಮೂಳೆ ಇಲ್ಲ, ಅದು ಊರಿಗೇ ಗೊತ್ತು. “ವಿಮಾನ ಮುಟ್ಟಿದ ಕೈಗೆ ಬಾವಿಯ ಪಂಪು ಸಾಲದೋ? ಇದು ಕೆಟ್ಟರೆ ಯಾರೂ ಸಾಯುವುದಿಲ್ಲ ಮಾರಾಯ್ರೆ, ನೀರು ಬರುವುದಿಲ್ಲ ಅಷ್ಟೆ!” ಎಂದೆ.

ಅವರು ಬಾವಿಕಟ್ಟೆಯ ಮೇಲೆ ಕುಸಿದು ಕುಳಿತರು. ಮುಖ ಮುಚ್ಚಿಕೊಂಡು, ಮಕ್ಕಳು ಅಳುವ ಹಾಗೆ ಶಬ್ದ ಮಾಡಿ ಅತ್ತರು. ನಮ್ಮ ಮನೆಯವರು ಓಡಿ ಬಂದು ನನ್ನನ್ನು ಒಮ್ಮೆ ನೋಡಿ, ಒಳಗಿನಿಂದ ಮಜ್ಜಿಗೆ ತಂದುಕೊಟ್ಟರು. ಅವತ್ತು ಮಧ್ಯಾಹ್ನ ನಮ್ಮ ಚಾವಡಿಯಲ್ಲಿ ಕುಳಿತು ಉಮಾನಾಥರು ಎಲ್ಲವನ್ನೂ ಹೇಳಿದರು. ನಾವು ಮಾತಾಡಿದ್ದು ತುಳುವಿನಲ್ಲಿ. ನನಗೆ ಬರೆಯಲಿಕ್ಕೆ ಬರುವುದು ಕನ್ನಡ, ಹಾಗಾಗಿ ಕನ್ನಡದಲ್ಲಿ ಹೇಳುತ್ತೇನೆ.

ಅವರಿದ್ದದ್ದು ಒಂದು ಸಣ್ಣ ಕಂಪೆನಿಯಲ್ಲಿ. ಹನ್ನೆರಡು ಸೀಟಿನ ವಿಮಾನಗಳಲ್ಲಿ ಎಣ್ಣೆ ಬಾವಿಯ ಕೆಲಸಗಾರರನ್ನು ಮರುಭೂಮಿಯ ಕ್ಯಾಂಪುಗಳಿಗೆ ಕರೆದುಕೊಂಡು ಹೋಗುವ ಕಂಪೆನಿ. ತಂಗಿ ಗುಣವತಿಯ ಗಂಡ ಬೇಗ ತೀರಿಕೊಂಡಿದ್ದರಿಂದ ಅವಳ ಒಬ್ಬನೇ ಮಗ ಹರ್ಷಿತ್‌ನನ್ನು ಓದಿಸಿದ್ದು ಇವರು, ವಿಮಾನದ ಕೆಲಸ ಕಲಿಸಿದ್ದು ಇವರು, ಅದೇ ಕಂಪೆನಿಗೆ ಸೇರಿಸಿದ್ದೂ ಇವರೇ. ಅವರದ್ದು ಅಳಿಯಕಟ್ಟಿನ ಮನೆತನ. ಕಾನೂನು ಎಷ್ಟೇ ಬದಲಾಗಲಿ, ಅಲ್ಲಿ ತಾಯಿಯ ಅಣ್ಣನೇ ಮನೆಗೆ ಹಿರಿಯ, ತಂಗಿಯ ಮಗನೇ ಅವನಿಗೆ ಮಗ. ಮಾವ ನಿಂತಿರುವಾಗ ಅಳಿಯ ಕುಳಿತುಕೊಳ್ಳುವುದಿಲ್ಲ.

ವಿಮಾನದ ಬಾಲದಲ್ಲಿ ಮೇಲೆ ಕೆಳಗೆ ಆಡುವ ಒಂದು ಹಲಗೆ ಇರುತ್ತದಂತೆ. ಪೈಲಟ್ ಹಿಡಿಕೆ ಎಳೆದರೆ ಅದು ಏಳುತ್ತದೆ, ಆಗ ವಿಮಾನದ ಮೂಗು ಮೇಲಾಗುತ್ತದೆ. ಆ ಹಲಗೆಯನ್ನು ಎಳೆಯುವ ಸರಳಿಗೆ ಒಂದು ಬೋಲ್ಟು, ಬೋಲ್ಟಿಗೆ ಒಂದು ನಟ್ಟು. ಹಾರುವಾಗಿನ ನಡುಕಕ್ಕೆ ನಟ್ಟು ಬಿಚ್ಚಿಹೋಗದ ಹಾಗೆ ಅದರ ತೂತಿನಲ್ಲಿ ಒಂದು ಪಿನ್ನು ತೂರಿಸಿ ಎರಡೂ ಕಾಲುಗಳನ್ನು ಮಡಚಬೇಕು. ಪಿನ್ನು ಹೆಂಗಸರ ತಲೆಯ ಹೇರ್‌ಪಿನ್ನಿಗಿಂತ ದೊಡ್ಡದಲ್ಲ. ಇಂಥ ಜಾಗದಲ್ಲಿ ಕೆಲಸ ಮಾಡಿದವನು ಒಂದು ಸಹಿ ಹಾಕಬೇಕು. ಆಮೇಲೆ ಆ ಕೆಲಸ ಮಾಡದ ಇನ್ನೊಬ್ಬ ಬಂದು, ಟಾರ್ಚ್ ಹಾಕಿ ಕಣ್ಣಾರೆ ನೋಡಿ, ಎರಡನೇ ಸಹಿ ಹಾಕಬೇಕು. ಅದು ನಿಯಮ. ನಾಲ್ಕು ಕಣ್ಣು ನೋಡಿದ್ದು ತಪ್ಪುವುದಿಲ್ಲ ಎಂಬ ಲೆಕ್ಕ.

ಎರಡು ಸಾವಿರದ ಹದಿನೆಂಟರ ಮಾರ್ಚಿನಲ್ಲಿ ಒಂದು ದಿನ ಉಮಾನಾಥರು ನಟ್ಟು ಬಿಗಿದರು. ಪೆಟ್ಟಿಗೆಯಲ್ಲಿದ್ದ ಪಿನ್ನು ಅಳತೆಗೆ ಹೊಂದಲಿಲ್ಲ. ಸ್ಟೋರಿಗೆ ಹೋಗಿ ಸರಿಯಾದ ಪಿನ್ನು ತೆಗೆದುಕೊಂಡು ಜೇಬಿಗೆ ಹಾಕಿಕೊಂಡರು. ಸ್ಟೋರಿನ ಬಾಗಿಲಲ್ಲೇ ಮ್ಯಾನೇಜರ್ ಸಿಕ್ಕಿ, ಹೊರಡಲಿಕ್ಕೆ ನಿಂತ ಬೇರೊಂದು ವಿಮಾನದ ಚಕ್ರ ನೋಡಲು ಎಳೆದುಕೊಂಡು ಹೋದ. ಒಂದು ಗಂಟೆ ಕಳೆದು ಬರುವಾಗ ಹರ್ಷಿತ್ ಬಾಲದ ಮುಚ್ಚಳ ಹಾಕಿ ಕೈ ಒರೆಸಿಕೊಳ್ಳುತ್ತಿದ್ದ.

“ಮುಚ್ಚಿದೆ ಮಾವ,” ಎಂದನಂತೆ.

ಅಳಿಯ ಚುರುಕಿನವನು, ಪಿನ್ನು ಹಾಕಿಯೇ ಮುಚ್ಚಿರುತ್ತಾನೆ ಎಂದುಕೊಂಡರು ಮಾವ. ಮಾವ ಅರ್ಧ ಕೆಲಸ ಬಿಟ್ಟು ಹೋಗುವವರೇ ಅಲ್ಲ, ಪಿನ್ನು ಹಾಕಿಯೇ ಹೋಗಿರುತ್ತಾರೆ ಎಂದುಕೊಂಡ ಅಳಿಯ. ಮಾವ ಸಹಿ ಹಾಕಿದರು. ಅಳಿಯ ಅದರ ಕೆಳಗೆ ಎರಡನೇ ಸಹಿ ಹಾಕಿದ. ಮುಚ್ಚಳ ತೆಗೆಯಲಿಲ್ಲ, ಟಾರ್ಚ್ ಹಾಕಲಿಲ್ಲ. ಮಾವನ ಕೆಲಸಕ್ಕೆ ಟಾರ್ಚ್ ಹಾಕಿ ನೋಡುವುದು ಎಂದರೆ ಮಾವನ ಮುಖಕ್ಕೇ ಹಾಕಿದ ಹಾಗೆ. ಆ ಹುಡುಗ ಆ ಕಂಪೆನಿಗೆ ಸೇರಿದ ಎರಡು ವರ್ಷದಲ್ಲಿ ಒಂದು ಸಲವೂ ಹಾಗೆ ಮಾಡಿರಲಿಲ್ಲ. ಇವರೂ ಮಾಡು ಎಂದು ಹೇಳಿರಲಿಲ್ಲ.

“ಹೇಳಬೇಕಿತ್ತು ಟೀಚರ್,” ಎಂದರು ಉಮಾನಾಥರು. “ಆದರೆ ಆ ಮರ್ಯಾದೆ ನನಗೆ ಹಿತವಾಗಿತ್ತು.”

ಮೂರನೆಯವರೂ ಒಬ್ಬರಿದ್ದರು. ಆ ವಿಮಾನದ ಪೈಲಟ್ ಜೋನ್, ನಮ್ಮ ಕಾರ್ಕಳದವರು. ಶುಕ್ರವಾರ ರಜೆಯ ದಿನ ಉಮಾನಾಥರ ರೂಮಿಗೆ ಬಂದು ಬಂಗುಡೆ ಮೀನಿನ ಗಸಿಯಲ್ಲಿ ಊಟ ಮಾಡಿ, ತುಳುವಿನಲ್ಲಿ ಊರಿನ ಸುದ್ದಿ ಮಾತಾಡಿ ಹೋಗುತ್ತಿದ್ದವರು. ಬೇರೆ ಪೈಲಟುಗಳು ಹಾರುವ ಮೊದಲು ಕಾಗದ ತಿರುವಿ ನೂರೆಂಟು ಪ್ರಶ್ನೆ ಕೇಳಿದರೆ, ಜೋನ್ ಮಾತ್ರ ಬೆನ್ನು ತಟ್ಟಿ, ಉಮಾನಾಥಣ್ಣನ ಸಹಿ ಉಂಟಲ್ಲ, ಮತ್ತೆ ಎಂತ ನೋಡ್ಲಿಕ್ಕೆ ಉಂಟು ಎನ್ನುತ್ತಿದ್ದರಂತೆ. ಊರಿನವರು ಎಂಬ ಒಂದೇ ನಂಬಿಕೆಯಲ್ಲಿ ಮೂರು ಜನವೂ ನೋಡಬೇಕಾದದ್ದನ್ನು ನೋಡದೆ ಬಿಟ್ಟರು.

ಹನ್ನೊಂದು ದಿನ ವಿಮಾನ ಹಾರಿತು. ಹನ್ನೆರಡನೇ ದಿನ ಕ್ಯಾಂಪಿನಲ್ಲಿ ಇಳಿಯುವಾಗ ಮೂಗು ಮೇಲೇಳಲಿಲ್ಲ. ಜೋನ್ ಮತ್ತು ನಾಲ್ಕು ಜನ ಕೆಲಸಗಾರರು ಅಲ್ಲೇ ತೀರಿಕೊಂಡರು. ಮರುದಿನ ಉಮಾನಾಥರು, ನಟ್ಟು ಬಿಗಿದ ದಿನ ತೊಟ್ಟು ಆಮೇಲೆ ಲಾಕರಿನಲ್ಲಿ ನೇತುಹಾಕಿದ್ದ ಕೆಲಸದ ಬಟ್ಟೆ ಒಗೆಯಲು ತೆಗೆದರು. ಜೇಬಿನಲ್ಲಿ ಪಿನ್ನು ಇತ್ತು.

ವಿಚಾರಣೆಯಾಯಿತು. ವಿಮಾನ ಸುಟ್ಟುಹೋಗಿತ್ತು, ಬೋಲ್ಟು ಮರಳಿನಲ್ಲಿ ಸಿಗಲಿಲ್ಲ. ಮಾವ ಅಳಿಯರನ್ನು ಬೇರೆ ಬೇರೆ ಕೂರಿಸಿ ಕೇಳಿದರು. ಮೊದಲು ಒಳಗೆ ಹೋದ ಹರ್ಷಿತ್ ಹೊರಗೆ ಬರುವಾಗ ಬೆವೆತುಹೋಗಿದ್ದ. “ಮಾವ, ನಾನು ಟಾರ್ಚ್ ಹಾಕಿ ನೋಡಿದ್ದೇನೆ, ಪಿನ್ನು ಇತ್ತು ಎಂದು ಹೇಳಿದ್ದೇನೆ. ನಿಮಗೆ ಏನೂ ಆಗಬಾರದು,” ಎಂದ. ಜೇಬಿನ ಪಿನ್ನಿನ ವಿಷಯ ಅವನಿಗೆ ಗೊತ್ತಿರಲಿಲ್ಲ. ಇವರು ಒಳಗೆ ಹೋಗಿ ನಿಜ ಹೇಳಿದರೆ ಆ ದೇಶದಲ್ಲಿ ಅವನಿಗೆ ಜೈಲು. ಇವರೂ, ಪಿನ್ನು ಇತ್ತು ಎಂದರು. ಕಾಗದದಲ್ಲಿ ಎರಡು ಸಹಿ ಸರಿಯಾಗಿತ್ತು. ಅವತ್ತು ಧೂಳುಗಾಳಿಯೂ ಇತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ, ಪೈಲಟ್ ಅಂದಾಜು ತಪ್ಪಿದ್ದೇ ಕಾರಣ ಎಂದು ವರದಿಯಾಯಿತು. ಸತ್ತವರು ಎದ್ದು ಬಂದು ಅಲ್ಲ ಎನ್ನುತ್ತಾರೆಯೇ?

ಜೋನ್ ಅವರ ಹೆಂಡತಿ ಇಮೆಲ್ಡಾ ಮತ್ತು ಮಗಳು ಕಾರ್ಕಳದಲ್ಲಿದ್ದರು. ಉಮಾನಾಥರು ಪರ್ಕಳದಲ್ಲಿ ಕೋಣೆ ಹಿಡಿದದ್ದು ಆ ಬಸ್ಸಿಗಾಗಿ. ಹೋಗಿ ಹೇಳಬೇಕು ಎಂದು ದಿನಾ ಇಸ್ತ್ರಿ ಹಾಕಿದ ಅಂಗಿ ತೊಡುವುದು, ಅಳಿಯನ ಮುಖ ಕಣ್ಣ ಮುಂದೆ ಬಂದು ದಿನಾ ವಾಪಸು ಬರುವುದು.

ನಾನು ಸುಮ್ಮನಿರಬಹುದಿತ್ತು. ಸುಮ್ಮನಿರುವುದು ನನ್ನ ಹಣೆಯಲ್ಲಿ ಬರೆದಿಲ್ಲ. “ಇನ್ನೊಬ್ಬನ ಉತ್ತರ ಪತ್ರಿಕೆಯಲ್ಲಿ ನಿಮ್ಮ ಸೊನ್ನೆ ಬರೆದು ಬಂದಿದ್ದೀರಿ. ಹೋಗಿ ಅಳಿಸಿ,” ಎಂದೆ.

“ಅಳಿಸಿದರೆ ಅದು ಹರ್ಷಿತ್‌ನ ಪತ್ರಿಕೆಗೆ ಹೋಗ್ತದೆ ಟೀಚರ್.”

ಹರ್ಷಿತ್ ಆಗ ಬೇರೊಂದು ಗಲ್ಫ್ ದೇಶದಲ್ಲಿ, ದೊಡ್ಡ ವಿಮಾನಗಳ ಕೆಲಸದಲ್ಲಿದ್ದ. ನಿಜ ಹೊರಬಂದರೆ ಅವನ ಲೈಸೆನ್ಸು ಹೋಗುತ್ತದೆ, ಜೀವನಪೂರ್ತಿ ಯಾವ ವಿಮಾನವನ್ನೂ ಮುಟ್ಟುವ ಹಾಗಿಲ್ಲ. ಒಂದು ಕಡೆ ಸತ್ತವನ ಹೆಸರು, ಇನ್ನೊಂದು ಕಡೆ ಬದುಕಿರುವವನ ಅನ್ನ. ಎರಡನ್ನೂ ಉಳಿಸುವ ದಾರಿ ನನಗೂ ಹೊಳೆಯಲಿಲ್ಲ.

ಮಾರ್ಚಿನ ಒಂದು ಆದಿತ್ಯವಾರ ಗುಣವತಿ ಕಾಪುವಿನಿಂದ ಬಂದಳು. ಅಣ್ಣನ ಮನಸ್ಸು ಎತ್ತ ವಾಲುತ್ತಿದೆ ಎಂದು ಅವಳಿಗೆ ಫೋನಿನ ದನಿಯಲ್ಲೇ ಗೊತ್ತಾಗಿರಬೇಕು. ನನ್ನೆದುರು ನಗುನಗುತ್ತಾ ಮಾತಾಡಿದಳು. ಮಾಳಿಗೆಗೆ ಹೋದ ಮೇಲೆ ಅವಳ ದನಿ ಕೆಳಗೆ ಕೇಳಿಸಿತು. ಕದ್ದು ಕೇಳಲಿಲ್ಲ, ಆದರೆ ಕಿವಿ ಮುಚ್ಚಿಕೊಳ್ಳಲೂ ಇಲ್ಲ.

“ಸತ್ತವರು ಸತ್ತರು ಅಣ್ಣ. ಇದ್ದವನನ್ನು ಯಾಕೆ ಕೊಲ್ಲುತ್ತೀ? ಅವನಿಗೆ ಅಪ್ಪ ಇಲ್ಲ. ನೀನೇ ಅಪ್ಪ ಅಂತ ಬೆಳೆದವ. ನಿನ್ನ ಮೈಮೇಲೆ ಬರುವುದು ಬೇಡ ಅಂತಲೇ ಅವ ಸುಳ್ಳು ಹೇಳಿದ್ದು, ಗೊತ್ತುಂಟಲ್ಲ ನಿನಗೆ?”

ಉಮಾನಾಥರು ಏನು ಹೇಳಿದರೋ ಕೇಳಿಸಲಿಲ್ಲ. ಅವಳು ಇಳಿದು ಬರುವಾಗ ಕಣ್ಣು ಕೆಂಪಾಗಿತ್ತು. ನನ್ನ ಕೈ ಹಿಡಿದು, “ಟೀಚರ್, ನೀವು ಕಲಿತವರು. ಅಣ್ಣನಿಗೆ ಸ್ವಲ್ಪ ಬುದ್ಧಿ ಹೇಳಿ,” ಎಂದಳು. ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಯಾವ ತಾಯಿಯಾದರೂ ಅದನ್ನೇ ಹೇಳುತ್ತಿದ್ದಳು. ಆಮೇಲೆ ಎರಡು ತಿಂಗಳು ಉಮಾನಾಥರು ಬಸ್ ಸ್ಟಾಪಿನ ಕಡೆ ಹೋಗಲೇ ಇಲ್ಲ.

ಮೇ ತಿಂಗಳಲ್ಲಿ ಹರ್ಷಿತ್‌ನ ಫೋನು ಬಂತು. ನಾವು ಮೂವರೂ ಚಾವಡಿಯಲ್ಲಿ ಹಲಸಿನಕಾಯಿ ಸೊಳೆ ಬಿಡಿಸುತ್ತಿದ್ದೆವು. ಕೈಗೆ ಮೇಣ ಹತ್ತಿದ್ದರಿಂದ ಉಮಾನಾಥರು ಸ್ಪೀಕರಿಗೆ ಹಾಕಿದರು. ಹುಡುಗನಿಗೆ ಬಡ್ತಿ ಸಿಕ್ಕಿತ್ತು. ದನಿಯಲ್ಲೇ ಸಂತೋಷ ಉಕ್ಕುತ್ತಿತ್ತು.

“ಮಾವ, ಇಲ್ಲಿ ನಿಮ್ಮ ಹೆಸರು ಉಳಿಸಿದ್ದೇನೆ. ನನ್ನ ಕೆಲಸ ಎಂದರೆ ಎಷ್ಟು ನಂಬಿಕೆ ಗೊತ್ತುಂಟಾ? ಹರ್ಷಿತ್ ಮಾಡಿದ್ದು ಅಂದರೆ ಸಾಕು, ಎರಡನೇ ಸಹಿ ಹಾಕುವವ ಮುಚ್ಚಳ ತೆಗೆ ಅಂತಲೂ ಹೇಳುವುದಿಲ್ಲ.”

ಉಮಾನಾಥರು “ಒಳ್ಳೇದು ಮಗಾ,” ಎಂದು ಫೋನ್ ಇಟ್ಟರು. ಸೊಳೆ ಬಿಡಿಸುತ್ತಿದ್ದ ಕೈ ಹಾಗೆಯೇ ನಿಂತಿತು.

“ಅವ ಏನೂ ಕಲಿಯಲಿಲ್ಲ ಟೀಚರ್. ಆ ವಿಮಾನದಲ್ಲಿ ಹನ್ನೆರಡು ಸೀಟು ಇತ್ತು. ಇವ ಈಗ ಮುಟ್ಟುವುದರಲ್ಲಿ ನೂರೆಂಬತ್ತು ಸೀಟು ಉಂಟು.”

ನಮ್ಮ ಮನೆಯವರು ಮೆಲ್ಲಗೆ, “ಒಮ್ಮೆ ಅವನ ಹತ್ತಿರವೇ ಮಾತಾಡಿ ನೋಡಬಹುದಲ್ಲ,” ಎಂದರು. ನಾನು ಅವರ ಬಾಯಿ ಮುಚ್ಚಿಸಿದೆ. “ಮಾತಾಡಿದರೆ ಅವನು ಅಳುತ್ತಾನೆ, ಇವರು ಕರಗುತ್ತಾರೆ. ನಾಲ್ಕು ವರ್ಷ ಕರಗಿದ್ದು ಸಾಲದೇ? ಯಾರನ್ನೂ ಕೇಳುವುದು ಬೇಡ, ನಾಳೆಯೇ ಹೋಗುವುದು,” ಎಂದೆ. ನನ್ನ ತೀರ್ಪಿನ ಮೇಲೆ ನನಗೆ ಅಷ್ಟು ನಂಬಿಕೆ.

ಆ ರಾತ್ರಿಯೇ ಉಮಾನಾಥರು ಆ ದೇಶದ ವಿಮಾನ ಇಲಾಖೆಗೆ ಇಂಗ್ಲಿಷಿನಲ್ಲಿ ಎರಡು ಪುಟದ ಪತ್ರ ಬರೆದರು. ತಪ್ಪು ನನ್ನದು, ಅಳಿಯ ನನ್ನ ಮೇಲಿನ ಗೌರವದಿಂದ ನೋಡದೆ ಸಹಿ ಹಾಕಿದ್ದು, ಪೈಲಟ್ ನಿರಪರಾಧಿ. ಬೆಳಿಗ್ಗೆ ಪರ್ಕಳ ಪೋಸ್ಟ್ ಆಫೀಸಿನಲ್ಲಿ ರಿಜಿಸ್ಟರ್ ಮಾಡಿ, ಒಂದು ಪ್ರತಿ ಜೇಬಿನಲ್ಲಿಟ್ಟುಕೊಂಡು ಕಾರ್ಕಳದ ಬಸ್ಸು ಹತ್ತಿದರು. ಒಬ್ಬರನ್ನೇ ಕಳಿಸಿದರೆ ಬೈಲೂರಿನಲ್ಲಿ ಇಳಿದುಬಿಡುತ್ತಾರೆ ಎಂದು ನಾನೂ ಜೊತೆಗೆ ಹೋದೆ. ಕಂಡಕ್ಟರ್, “ಟೈಂ ಕೀಪರ್ ಬಸ್ಸು ಹತ್ತಿದ್ರು!” ಎಂದು ಡ್ರೈವರಿಗೆ ಕೂಗಿ ಹೇಳಿದ.

ಇಮೆಲ್ಡಾ ಕಾರ್ಕಳದ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಳು. ಶಾಲೆ ಶುರುವಾಗುವ ಸಮಯ, ನೀಲಿ ಯೂನಿಫಾರ್ಮ್ ಬಟ್ಟೆ ಮೊಣಕಾಲೆತ್ತರ ರಾಶಿ ಬಿದ್ದಿತ್ತು. ಹೆಸರು ಹೇಳಿದ್ದೇ ತಡ, ಎದ್ದು ನಿಂತಳು.

“ಉಮಾನಾಥಣ್ಣನಾ? ಕಾಪುವಿನವರು? ದೇವರೇ! ಜೋನ್ ಯಾವಾಗಲೂ ನಿಮ್ಮ ಗಸಿಯ ಸುದ್ದಿಯೇ ಹೇಳ್ತಿದ್ದದ್ದು. ಜೋಸ್ಲಿನ್, ಬಾ ಇಲ್ಲಿ, ಪಪ್ಪನ ಫ್ರೆಂಡ್ ಬಂದಿದ್ದಾರೆ. ಶರಬತ್ತು ಮಾಡು.”

ಹದಿನಾಲ್ಕು ವರ್ಷದ ಹುಡುಗಿ ಬಾಗಿಲಲ್ಲಿ ಇಣುಕಿ ಒಳಗೆ ಹೋದಳು. ಇಮೆಲ್ಡಾ ಕುರ್ಚಿಯ ಮೇಲಿನ ಬಟ್ಟೆ ತೆಗೆದು ಜಾಗ ಮಾಡಿದಳು. ಅವಳ ಗಂಡನ ಕೆಲಸದ ಕಡೆಯಿಂದ ನಾಲ್ಕು ವರ್ಷದಲ್ಲಿ ಯಾರೂ ಬಂದಿರಲಿಲ್ಲವಂತೆ. ತಪ್ಪು ಮಾಡಿದ ಪೈಲಟನ ಮನೆಗೆ ಯಾರು ಬರುತ್ತಾರೆ? ಅವಳು ನಗುತ್ತಿದ್ದಷ್ಟೂ ಉಮಾನಾಥರು ಕುಗ್ಗುತ್ತಿದ್ದರು. ಕುಳಿತುಕೊಳ್ಳಲಿಲ್ಲ. ಶರಬತ್ತು ಬಂತು, ಮುಟ್ಟಲಿಲ್ಲ.

“ಜೋನ್ ತಪ್ಪು ಮಾಡಲಿಲ್ಲ,” ಎಂದರು. “ತಪ್ಪು ಮಾಡಿದ್ದು ನಾನು.”

ನಿಂತುಕೊಂಡೇ ಎಲ್ಲವನ್ನೂ ಹೇಳಿದರು. ಪಿನ್ನು, ಜೇಬು, ಮುಚ್ಚಳ, ಸಹಿ, ಸುಳ್ಳು. ಏನನ್ನೂ ಬಿಡಲಿಲ್ಲ, ತಮ್ಮನ್ನು ಉಳಿಸಿಕೊಳ್ಳುವ ಒಂದು ಮಾತೂ ಸೇರಿಸಲಿಲ್ಲ. ನಾನು ಇಮೆಲ್ಡಾಳ ಮುಖವನ್ನೇ ನೋಡುತ್ತಿದ್ದೆ. ಹೊಡೆಯುತ್ತಾಳೆ, ಬೈಯುತ್ತಾಳೆ, ಬೀದಿಗೆ ಕೇಳುವ ಹಾಗೆ ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಕೇಳಿದ್ದು ಒಂದೇ ಪ್ರಶ್ನೆ.

“ಆ ಪಿನ್ನು ಬಿಟ್ಟದ್ದು ಯಾವ ದಿನ?”

“ಆಕ್ಸಿಡೆಂಟಿಗೆ ಹನ್ನೊಂದು ದಿನ ಮೊದಲು.”

“ಹನ್ನೊಂದು ದಿನ,” ಎಂದಳು. ಬೆರಳು ಮಡಚಿ ಎಣಿಸಿದಳು. “ಹಾಗಾದರೆ ನಾನು ಫೋನ್ ಮಾಡುವ ಮೊದಲೇ.”

ನಮಗೆ ಅರ್ಥವಾಗಲಿಲ್ಲ. ಅವಳು ಹೊಲಿಗೆ ಮಿಷನಿನ ಮೇಲೆ ಎರಡೂ ಕೈ ಊರಿ, ಮಗಳ ಕಡೆ ಒಮ್ಮೆ ನೋಡಿ ಹೇಳಿದಳು. ಜೋಸ್ಲಿನ್‌ಗೆ ಆ ವರ್ಷ ಚರ್ಚಿನಲ್ಲಿ ಮೊದಲ ಪರಮಪ್ರಸಾದ ಪಡೆಯುವ ಕಾರ್ಯಕ್ರಮ ಇತ್ತು. ಜೋನ್ ಬರುತ್ತೇನೆ ಎಂದು ಮಾತು ಕೊಟ್ಟಿದ್ದರು. ರಜೆ ಸಿಗಲಿಲ್ಲ. ಆ ದಿನ ಬೆಳಿಗ್ಗೆ ಆರು ಗಂಟೆಗೆ ಇವಳು ಫೋನಿನಲ್ಲಿ ಬಾಯಿಗೆ ಬಂದದ್ದು ಬೈದಳು. ಬರುವು‌ದೇ ಬೇಡ, ಅಲ್ಲೇ ಇದ್ದುಬಿಡಿ ಎಂದು ಫೋನ್ ಕಟ್ ಮಾಡಿದಳು. ಒಂಬತ್ತು ಗಂಟೆಗೆ ವಿಮಾನ ಬಿತ್ತು.

“ಪೈಲಟ್ ಅಂದಾಜು ತಪ್ಪಿದ ಅಂತ ಕಂಪೆನಿಯವರು ಕಾಗದ ಕಳಿಸಿದ್ರು. ಜೋನ್ ಅಂದಾಜು ತಪ್ಪುವವರಲ್ಲ. ನನ್ನ ಮಾತು ತಲೆಯಲ್ಲಿ ಇಟ್ಟುಕೊಂಡು ಹಾರಿದ್ದಾರೆ, ಅದಕ್ಕೇ ಬಿದ್ದದ್ದು ಅಂತ ಗ್ರಹಿಸಿದೆ ನಾನು. ಐದು ಜನರನ್ನು ಕೊಂದದ್ದು ನಾನೇ ಅಂತ. ನಾಲ್ಕು ವರ್ಷ. ಫಾದರ್ ಹತ್ತಿರ ಹೇಳಿದೆ, ದೇವರು ಕ್ಷಮಿಸ್ತಾನೆ ಅಂದ್ರು. ಆ ನಾಲ್ಕು ಜನರ ಹೆಂಡಂದಿರು ಕ್ಷಮಿಸಬೇಕಲ್ಲ? ಸತ್ತ ಆ ನಾಲ್ವರ ಹೆಸರು ಪೇಪರಿನಲ್ಲಿ ಹುಡುಕಿ, ಪ್ರತಿ ತಿಂಗಳು ಚರ್ಚಿನಲ್ಲಿ ಅವರ ಆತ್ಮಕ್ಕೆ ಪೂಜೆ ಕೊಡ್ತೇನೆ. ಜೋನ್‌ಗೆ ಕೊಡ್ಲಿಲ್ಲ. ನನಗೆ ಮುಖ ಇರಲಿಲ್ಲ.”

ಜೋಸ್ಲಿನ್ ಬಂದು ತಾಯಿಯ ಬೆನ್ನಿಗೆ ಒರಗಿ ನಿಂತಳು. ಅವಳಿಗೂ ಇದು ಗೊತ್ತಿರಲಿಲ್ಲ ಎಂದು ಕಾಣುತ್ತದೆ.

ಉಮಾನಾಥರು ಕೈ ಮುಗಿದರು. ಇಮೆಲ್ಡಾ ತಲೆ ಅಲ್ಲಾಡಿಸಿದಳು.

“ಈಗ ನನಗೆ ನಿಮ್ಮ ಮೇಲೆ ಸಿಟ್ಟು ಬರುವುದಿಲ್ಲ. ನಾಳೆ ಬರ್ತದೆ. ಅದು ಬರುವಾಗ ನೀವು ನನ್ನ ಕಣ್ಣೆದುರು ಇರಬೇಡಿ. ಹೋಗಿ ಅಣ್ಣ.”

ಪತ್ರದ ಪ್ರತಿಯನ್ನು ಮಿಷನಿನ ಮೇಲಿಟ್ಟು ಬಂದೆವು. ಹಿಂದೆ ಬರುವಾಗ ಬಸ್ಸಿನಲ್ಲಿ ಉಮಾನಾಥರು ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದರು. ಹಿರಿಯಡ್ಕ ದಾಟಿದ ಮೇಲೆ ಮಾತಾಡಿದರು. “ನಾನು ಯಾವಾಗಲೂ ಐದು ಜನ ಅಂತಲೇ ಎಣಿಸಿದ್ದು ಟೀಚರ್. ಅವಳನ್ನು ಎಣಿಸಲೇ ಇಲ್ಲ. ಮೊದಲ ವಾರವೇ ಬಂದು ಹೇಳಬಹುದಿತ್ತು.” ನನಗೂ ಕಣ್ಣು ತುಂಬಿತು. ಆದರೂ ಹೊತ್ತು ಮೀರಿಯಾದರೂ ಸರಿಯಾದ ಕೆಲಸವಾಯಿತು ಎಂಬ ಸಮಾಧಾನ ಇತ್ತು, ಸುಳ್ಳು ಯಾಕೆ ಹೇಳಲಿ?

ಆಗಸ್ಟಿನಲ್ಲಿ ಹರ್ಷಿತ್ ಬಂದ. ಕಾಪುವಿಗೆ ಹೋಗದೆ, ಮಂಗಳೂರು ವಿಮಾನ ನಿಲ್ದಾಣದಿಂದ ನೇರ ನಮ್ಮ ಗೇಟಿಗೆ. ಕೈಯಲ್ಲಿ ಒಂದು ಚೀಲ, ಮೂರು ದಿನದ ಗಡ್ಡ. ಹಳೇ ದೇಶದಿಂದ ಹೊಸ ದೇಶಕ್ಕೆ ಕಾಗದ ಹೋಗಿತ್ತು. ಲೈಸೆನ್ಸು ರದ್ದಾಗಿ, ಕೆಲಸ ಹೋಗಿ, ಎರಡು ವಾರ ವಿಚಾರಣೆ ಮಾಡಿ ಊರಿಗೆ ಕಳಿಸಿದ್ದರು. ಉಮಾನಾಥರು ಮಾಳಿಗೆಯಿಂದ ಇಳಿದು ಬಂದು ಅಂಗಳದಲ್ಲಿ ನಿಂತರು. ನಾವಿಬ್ಬರೂ ಚಾವಡಿಯಲ್ಲಿದ್ದೆವು. ಒಳಗೆ ಹೋಗಬೇಕಿತ್ತು, ಹೋಗಲಿಲ್ಲ.

“ನನ್ನ ಹತ್ತಿರ ಒಂದು ಮಾತು ಹೇಳ್ಬಹುದಿತ್ತಲ್ಲ ಮಾವ,” ಎಂದ ಹರ್ಷಿತ್. ದನಿ ಏರಿಸಲಿಲ್ಲ. “ಜೋನಣ್ಣನ ಮನೆಗೆ ನಾನೂ ಬರ್ತಿದ್ದೆ. ಒಟ್ಟಿಗೆ ಹೋಗಿ ಹೇಳ್ತಿದ್ದೆವು.”

“ನೀನು ಇನ್ನೂ ಹಾಗೆಯೇ ಮಾಡ್ತಿದ್ದಿ ಮಗಾ. ನೋಡದೆ ಸಹಿ. ನೀನೇ ಫೋನಿನಲ್ಲಿ ಹೇಳಿದ್ದು. ಇನ್ನೊಂದು ವಿಮಾನ ಬಿದ್ದರೆ...”

ಹರ್ಷಿತ್ ಮಾವನ ಮುಖವನ್ನು ನೋಡಿದ.

“ಅದಾ? ಅದು ನಿಮಗೆ ಖುಷಿ ಆಗ್ಲಿ ಅಂತ ಹೇಳಿದ್ದು ಮಾವ. ಬಡಾಯಿ. ಜೋನಣ್ಣ ಹೋದ ದಿನದಿಂದ ನಾನು ಯಾರಿಂದಲೂ ಹಾಗೆ ಸಹಿ ತಕ್ಕೊಂಡಿಲ್ಲ, ಹಾಗೆ ಸಹಿ ಹಾಕಿಯೂ ಇಲ್ಲ. ಪ್ರತಿಯೊಂದು ಮುಚ್ಚಳ ತೆಗೆಸ್ತೇನೆ. ನನ್ನಿಂದ ಕೆಲಸ ತಡ ಆಗ್ತದೆ ಅಂತ ಅಲ್ಲಿ ಎಲ್ಲರೂ ಬೈತಾರೆ. ನನ್ನ ಅಡ್ಡಹೆಸರೇ ಟಾರ್ಚ್. ಯಾರ ಹತ್ತಿರ ಬೇಕಾದರೂ ಕೇಳಿ.” ಕೈಯಲ್ಲಿದ್ದ ಚೀಲ ಕೆಳಗಿಟ್ಟ. “ಕೇಳ್ಬಹುದಿತ್ತಲ್ಲ ಮಾವ. ನೀವು ಒಂದು ಸಲ ಕೇಳ್ಬಹುದಿತ್ತಲ್ಲ.”

ಹರ್ಷಿತ್ ಬಗ್ಗಿ ಮಾವನ ಕಾಲು ಮುಟ್ಟಿದ, ಹೋಗಿ ಬರುತ್ತೇನೆ ಎನ್ನದೆ ಚೀಲ ಎತ್ತಿಕೊಂಡು ಗೇಟು ದಾಟಿದ. ಅವನು ಉಡುಪಿಯ ಬಸ್ಸು ಹತ್ತುವುದನ್ನು ಅಡುಗೆ ಕೋಣೆಯ ಕಿಟಕಿಯಿಂದ ನಾನೇ ನೋಡಿದೆ.

ಇದೆಲ್ಲ ಆಗಿ ಎರಡು ವರ್ಷವಾಯಿತು. ಹರ್ಷಿತ್ ಕಾಪುವಿನಲ್ಲಿ ದೋಣಿಗಳ ಎಂಜಿನ್ ರಿಪೇರಿ ಮಾಡುತ್ತಾನಂತೆ. ಗುಣವತಿ ಅಣ್ಣನ ಫೋನು ಎತ್ತುವುದಿಲ್ಲ. ಉಮಾನಾಥರು ಇನ್ನೂ ನಮ್ಮ ಮಾಳಿಗೆಯಲ್ಲೇ ಇದ್ದಾರೆ. ಬಾಡಿಗೆ ಬೇಡ ಎಂದರೂ ಕೇಳುವುದಿಲ್ಲ. ಇಮೆಲ್ಡಾಳಿಗೆ ನಿಜ ಹೇಳಿದ್ದು ಸರಿ, ಅದರಲ್ಲಿ ನನಗೆ ಈಗಲೂ ಸಂಶಯವಿಲ್ಲ. ಆದರೆ ಒಂದು ಫೋನು ಮಾಡಿ ಕೇಳೋಣ ಎಂದ ನಮ್ಮ ಮನೆಯವರ ಬಾಯಿ ಮುಚ್ಚಿಸಿದ್ದು ನಾನು. ಉಮಾನಾಥರು ಅದನ್ನು ಒಂದು ದಿನವೂ ನನ್ನ ಮುಖಕ್ಕೆ ಹೇಳಲಿಲ್ಲ. ಹೇಳಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು. ಊಟಕ್ಕೆ ಕರೆದರೆ ಬರುತ್ತಾರೆ, ಬಡಿಸಿದ್ದನ್ನು ತಿನ್ನುತ್ತಾರೆ, ಚೆನ್ನಾಗಿದೆ ಟೀಚರ್ ಎನ್ನುತ್ತಾರೆ.